ಮಂಡಿ ಕಚೇರಿಯ ಡಬ್ಬದಲ್ಲಿ ಲಾಸ್ ಸ್ಯಾಂಟೋಸ್

2015ರ ಏಪ್ರಿಲ್‌ನಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ 5’ ಕಂಪ್ಯೂಟರಿಗೆ ಬಂದಾಗ ರಾಕ್‌ಸ್ಟಾರ್ ಕಂಪನಿ ಎರಡು ಪಟ್ಟಿ ಕೊಟ್ಟಿತ್ತು. ಆಟ ಹೇಗೋ ತೆವಳುವುದಕ್ಕೆ ಏನು ಬೇಕು ಅನ್ನುವುದು ಒಂದು, ಸರಾಗವಾಗಿ ಓಡುವುದಕ್ಕೆ ಏನು ಬೇಕು ಅನ್ನುವುದು ಇನ್ನೊಂದು. ಎರಡನೆಯ ಪಟ್ಟಿಯಲ್ಲಿದ್ದ ಇಂಟೆಲ್ ಪ್ರೊಸೆಸರ್ ಕೋರ್ ಐ5-3470. ಚಳ್ಳಕೆರೆಯ ಯಾವುದಾದರೂ ಶೇಂಗಾ ಮಂಡಿಯಲ್ಲೋ ಎಣ್ಣೆ ಗಿರಣಿಯಲ್ಲೋ ಗುಮಾಸ್ತರ ಮೇಜಿನ ಕೆಳಗೆ ಟ್ಯಾಲಿ ಲೆಕ್ಕ ಬರೆಯುತ್ತಾ ಕೂತಿರುವ ಹಳೇ ಡೆಲ್ ಆಪ್ಟಿಪ್ಲೆಕ್ಸ್ 7010 ಬಿಚ್ಚಿ ನೋಡಿದರೆ ಅದೇ ಚಿಪ್ಪು ಸಿಕ್ಕೀತು, ಆಶ್ಚರ್ಯವೇನಿಲ್ಲ. ಅಂದರೆ ಆಟದೊಳಗಿನ ಲಾಸ್ ಸ್ಯಾಂಟೋಸ್ ನಗರದ ಬೀದಿಗಳಲ್ಲಿ ಕಾರು ಓಡಿಸಲು ಬೇಕಾದ ಅರ್ಧ ಸಾಮಾನು ಆ ಧೂಳು ಹಿಡಿದ ಡಬ್ಬದಲ್ಲಿ ಮೊದಲಿನಿಂದಲೂ ಇದೆ. ಮಿಕ್ಕರ್ಧವನ್ನು ಆ ಡಬ್ಬ ಒಳಗೆ ಬಿಟ್ಟುಕೊಳ್ಳುತ್ತದೋ ಇಲ್ಲವೋ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಈ ಡಬ್ಬಗಳು ನಮ್ಮ ಕಡೆಗೆ ಬರುವ ದಾರಿ ಹೆಚ್ಚುಕಮ್ಮಿ ಒಂದೇ. ಬೆಂಗಳೂರಿನ ಕಂಪನಿಗಳು, ಬ್ಯಾಂಕುಗಳು ಮೂರು ವರ್ಷಕ್ಕೋ ಐದು ವರ್ಷಕ್ಕೋ ಒಮ್ಮೆ ಮೇಜಿನ ಮೇಲಿನದನ್ನೆಲ್ಲ ಬದಲಿಸುತ್ತವೆ. ಹಳೆಯವು ಲಾಟುಗಟ್ಟಲೆ ಅಲ್ಲಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಇಳಿಯುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್, ಇವೇ ಹೆಚ್ಚು. ಅಲ್ಲಿ ಒರೆಸಿ, ವಿಂಡೋಸ್ ಹಾಕಿ, ‘ರೀಫರ್ಬಿಶ್ಡ್’ ಅಂತ ಚೀಟಿ ಅಂಟಿಸಿದರೆ ಹಿರಿಯೂರು ದಾಟಿ ಚಳ್ಳಕೆರೆಗೆ ಬರುತ್ತವೆ. ಡಬ್ಬ ತರಲು ಮೊಳಕಾಲ್ಮುರಿನವರಿಗೆ ಬೆಂಗಳೂರಿಗಿಂತ ಬಳ್ಳಾರಿ ಹತ್ತಿರ, ರಾಯದುರ್ಗ ಇನ್ನೂ ಹತ್ತಿರ. ಬಂದ ಮೇಲೆ ಇವು ಸೇರುವುದು ಪಹಣಿ ಪ್ರಿಂಟು ಕೊಡುವ ಅಂಗಡಿ, ಡಿಟಿಪಿ, ಸೊಸೈಟಿ, ಕೊನೆಗೆ ‘ಮಗನ ಓದಿಗೆ’ ಅಂತ ಮನೆ. ಮನೆಗೆ ಬಂದ ಮೇಲೆ ಓದಿಗೆ ಎಷ್ಟು, ಆಟಕ್ಕೆ ಎಷ್ಟು ಅನ್ನುವುದು ಆಯಾ ಮನೆಯ ವಿಚಾರ.

ಈಗ ಕಾಲೇಜಿನಲ್ಲಿರುವ ಹುಡುಗರು ಆಟ ಕಲಿತದ್ದು ಫೋನಿನಲ್ಲಿ. ಆ ಆಟಗಳ ಹಣೆಬರಹ ಅವರ ಕೈಯಲ್ಲಿರಲಿಲ್ಲ. ಪಬ್‌ಜಿ ಮೊಬೈಲನ್ನು ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. ಅದರ ಜಾಗಕ್ಕೆ 2021ರ ಜುಲೈನಲ್ಲಿ ಬಿಜಿಎಂಐ ಬಂತು, ಮರುವರ್ಷ ಜುಲೈನಲ್ಲಿ ಅದೂ ಮಾಯವಾಯಿತು, 2023ರ ಮೇನಲ್ಲಿ ಮತ್ತೆ ಬಂತು. ಹೀಗೆ ಬಂದು ಹೋಗುವ ಆಟ ನಂಬಿ ಕೂರಲಾರದ ಕೆಲವರ ಕಣ್ಣು ಮೂಲೆಯ ಕಂಪ್ಯೂಟರಿನ ಮೇಲೆ ಬಿತ್ತು. ಇವರ ಅಣ್ಣಂದಿರ ಕಾಲದಲ್ಲಿ ಹೀಗಿರಲಿಲ್ಲ. 2006ರಲ್ಲಿ ಬಂದ ಇಎ ಸ್ಪೋರ್ಟ್ಸ್‌ನ ‘ಕ್ರಿಕೆಟ್ 07’ ಯಾವ ಡಬ್ಬಕ್ಕೂ ಇಲ್ಲ ಅನ್ನುತ್ತಿರಲಿಲ್ಲ. ಇಂದಿಗೂ ಹೊಸ ಆಟಗಾರರ ಹೆಸರು, ಹೊಸ ಜೆರ್ಸಿ ಸೇರಿಸಿಕೊಂಡು ಅದನ್ನೇ ಆಡುವವರಿದ್ದಾರೆ. ಅವರಿಗೆ ಈ ಲೇಖನ ಬೇಕಾಗಿಲ್ಲ.

ಮಿಕ್ಕವರು ಅಂಗಡಿಗೆ ಬಂದು ಮೊದಲು ಕೇಳುವುದು, ‘ಅಣ್ಣಾ, ಯಾವ್ ಕಾರ್ಡ್ ಹಾಕಿಸ್ಲಿ?’ ಅಂತ. ಗ್ರಾಫಿಕ್ಸ್ ಕಾರ್ಡಿನ ಮಾತು ಆಮೇಲೆ. ಮೊದಲು ಡಬ್ಬದ ಪಕ್ಕದ ಮುಚ್ಚಳ ತೆಗೆಯಬೇಕು.

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಗಾಳಿ ಎದ್ದರೆ ಧೂಳೂ ಏಳುತ್ತದೆ. ಗಿರಣಿ ಪಕ್ಕದ ಕಚೇರಿಯಾದರೆ ಆ ಧೂಳಿಗೆ ಎಣ್ಣೆಯ ಜಿಡ್ಡು ಸೇರುತ್ತದೆ, ಮಗ್ಗದ ಮನೆಯಾದರೆ ನೂಲಿನ ನವಿರು ಎಳೆ. ಇವೆಲ್ಲ ಹೋಗಿ ಕೂರುವುದು ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ. ಗಾಳಿ ಹೋಗಲು ದಾರಿ ಇಲ್ಲದಾಗ ಬಿಸಿ ಏರುತ್ತದೆ, ಬಿಸಿ ಮಿತಿ ಮುಟ್ಟಿದ ಕೂಡಲೇ ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಟ ಶುರುವಾದ ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ‘ಲ್ಯಾಗ್’ ಆಗುವ ಯಂತ್ರಗಳ ರೋಗ ಸಾಮಾನ್ಯವಾಗಿ ಇದೇ. ಏಪ್ರಿಲ್-ಮೇ ತಿಂಗಳಲ್ಲಿ ಕೋಣೆಯೇ ಕಾದಿರುವಾಗ ಕೇಳುವುದೇ ಬೇಡ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು, ಗಾಳಿಯ ರಭಸಕ್ಕೆ ಸುತ್ತಿದರೆ ಬೇರಿಂಗ್ ಕೆಡುತ್ತದೆ. ಹತ್ತು ವರ್ಷ ದಾಟಿದ ಯಂತ್ರದಲ್ಲಿ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಾಗಿರುತ್ತದೆ. ಹಳೆಯದನ್ನು ಒರೆಸಿ ಹೊಸದನ್ನು ಒಂದು ಹನಿ ಹಾಕುವುದಕ್ಕೆ ಅಂಥ ಖರ್ಚೇನಿಲ್ಲ. ಡಬ್ಬವನ್ನು ಮೇಜಿನ ಬಾಗಿಲಿರುವ ಗೂಡಿನಿಂದ ಹೊರಗೆ ತೆಗೆದಿಡುವುದಕ್ಕೆ ಕಾಸೂ ಬೇಕಿಲ್ಲ.

ಎರಡನೆಯದು ಎಸ್‌ಎಸ್‌ಡಿ. ಹಳೇ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ನೂರು, ನೂರೈವತ್ತು ಎಂಬಿ ಓದುವ ಕಡೆ ಸಾಟಾ ಎಸ್‌ಎಸ್‌ಡಿ ಐನೂರು ದಾಟುತ್ತದೆ. ಚೂರುಚೂರು ಕಡತ ಹುಡುಕುವಾಗಲಂತೂ ಎರಡಕ್ಕೂ ಹೋಲಿಕೆಯೇ ಇಲ್ಲ. ಆದರೆ ಇದರಿಂದ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಏರುವುದಿಲ್ಲ. ಆಟ ಬೇಗ ತೆರೆದುಕೊಳ್ಳುತ್ತದೆ, ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಎದುರಿನ ಕಟ್ಟಡ ಮಂಜಾಗಿ ನಿಂತು ಆಮೇಲೆ ರೂಪ ತಳೆಯುವ ಕಾಟ ತಪ್ಪುತ್ತದೆ, ಅಷ್ಟೆ. ಎಂ.2 ಆಕಾರದ ಎನ್‌ವಿಎಂಇ ತರಲು ಹೋಗಬೇಡಿ. ಇಂಟೆಲ್‌ನ ಮೂರನೇ, ನಾಲ್ಕನೇ ತಲೆಮಾರಿನ ಈ ಬೋರ್ಡುಗಳಲ್ಲಿ ಅದಕ್ಕೆ ಜಾಗವೂ ಇಲ್ಲ, ಅಡಾಪ್ಟರ್ ಹಾಕಿದರೂ ಅದರಿಂದ ಬೂಟ್ ಮಾಡಿಸುವುದು ಹರಸಾಹಸ.

ರ್‍ಯಾಮ್ ವಿಷಯದಲ್ಲಿ ಗಾತ್ರಕ್ಕಿಂತ ಜೋಡಿ ಮುಖ್ಯ. ಎಂಟು ಜಿಬಿಯ ಒಂದು ಪಟ್ಟಿಗಿಂತ ನಾಲ್ಕು ಜಿಬಿಯ ಎರಡು ಪಟ್ಟಿ ಮೇಲು, ಎರಡೂ ದಾರಿಯಲ್ಲಿ ಒಟ್ಟಿಗೆ ಮಾಹಿತಿ ಹರಿಯುತ್ತದೆ. ಬೇರೆ ಕಾರ್ಡಿಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ಏಕೆಂದರೆ ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಇದೇ ರ್‍ಯಾಮಿನಿಂದ ಕಡ ತೆಗೆದುಕೊಳ್ಳುತ್ತದೆ. ಈ ಯಂತ್ರಗಳಿಗೆ ಬೇಕಾದ್ದು ಡಿಡಿಆರ್3. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಹಸಿವಿಗೆ ಹೊಸ ರ್‍ಯಾಮುಗಳ ಬೆಲೆ ಏರಿರುವಾಗ, ಸೆಕೆಂಡ್ ಹ್ಯಾಂಡ್ ಡಿಡಿಆರ್3 ಇರುವವನಿಗೆ ಒಂದು ಸಣ್ಣ ಸಮಾಧಾನವಿದೆ. ಆದರೆ ಹದಿನಾರು ಜಿಬಿ ಪಟ್ಟಿ ನಂಬಲಾಗದಷ್ಟು ಅಗ್ಗಕ್ಕೆ ಕಂಡರೆ ಅದು ಸರ್ವರಿನಿಂದ ಕಿತ್ತ ‘ರಿಜಿಸ್ಟರ್ಡ್’ ರ್‍ಯಾಮ್ ಅಂತಲೇ ತಿಳಿಯಿರಿ. ಮನೆಯ ಡೆಸ್ಕ್‌ಟಾಪಿನಲ್ಲಿ ಅದು ಕೂರುತ್ತದೆ, ಕೆಲಸ ಮಾಡುವುದಿಲ್ಲ.

ಇಷ್ಟು ಮುಗಿಸಿ ಕಾರ್ಡಿನ ಮಾತಿಗೆ ಬಂದರೆ, ತೀರ್ಪು ಹೇಳುವುದು ಕಾರ್ಡಲ್ಲ, ಡಬ್ಬಕ್ಕೆಲ್ಲ ಕರೆಂಟ್ ಹಂಚುವ ಎಸ್‌ಎಂಪಿಎಸ್. ಅಸೆಂಬಲ್ ಮಾಡಿಸಿದ ಸಿಸ್ಟಮ್ಮಿಗೂ ಬ್ರಾಂಡೆಡ್ ಸಿಸ್ಟಮ್ಮಿಗೂ ಇರುವ ನಿಜವಾದ ಅಂತರ ಇಲ್ಲಿ ತಿಳಿಯುತ್ತದೆ. ಅಸೆಂಬಲ್ಡ್ ಆದರೆ ಎಸ್‌ಎಂಪಿಎಸ್ ಬಿಚ್ಚಿ ದೊಡ್ಡದು ಹಾಕಬಹುದು. ಬ್ರಾಂಡೆಡ್ ಡಬ್ಬವನ್ನು ಮಾಡಿದವರು ಗುಮಾಸ್ತನ ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನೇ ಅಳೆದು ಕೊಟ್ಟಿದ್ದಾರೆ. ಆಪ್ಟಿಪ್ಲೆಕ್ಸ್ 9020ರ ಟವರ್ ಮಾದರಿಯಲ್ಲಿ 290 ವಾಟ್, 7010ರ ಟವರಿನಲ್ಲಿ 275. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಆರು ಪಿನ್ನಿನ, ಎಂಟು ಪಿನ್ನಿನ ಪ್ರತ್ಯೇಕ ವೈರು ಇವುಗಳಲ್ಲಿ ಇಲ್ಲ. ದೊಡ್ಡ ಎಸ್‌ಎಂಪಿಎಸ್ ಹಾಕೋಣವೆಂದರೆ 7010ರಲ್ಲಿ ಮಾರುಕಟ್ಟೆಯ ಸಾಮಾನ್ಯ 24 ಪಿನ್ನಿನ ಕನೆಕ್ಟರ್ ಇದೆ, ಬಚಾವ್. 9020ಕ್ಕೆ ಬಂದಾಗ ಡೆಲ್‌ನವರು ಅದನ್ನು ತಮ್ಮದೇ ಎಂಟು ಪಿನ್ನಿಗೆ ಇಳಿಸಿದರು. ಎಚ್‌ಪಿಯವರ ಎಲೀಟ್‌ಡೆಸ್ಕ್ 800ರ ಮೊದಲ ಮಾದರಿಯಲ್ಲಿ ಆರು ಪಿನ್, ಲೆನೊವೊ ಇನ್ನೊಂದು ಲೆಕ್ಕ. ಪ್ರತಿಯೊಂದಕ್ಕೂ ಬೇರೆ ಬೇರೆ ಅಡಾಪ್ಟರ್ ವೈರ್ ಸಿಗುತ್ತದೆ, ಆದರೆ ನಮ್ಮೂರಲ್ಲಲ್ಲ. ಇದೇ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಬಳಿಯ ಕುದಾಪುರದ ಕಾವಲಿನಲ್ಲಿ ಡಿಆರ್‌ಡಿಒ ಪರೀಕ್ಷಾ ನೆಲೆಯಿದೆ. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ರೆಕ್ಕೆಯ ರಾಕೆಟ್ಟನ್ನು ಹೆಲಿಕಾಪ್ಟರಿನಿಂದ ಬಿಟ್ಟಾಗ ಅದು ಯಾರ ಕೈಯೂ ಸೋಕದೆ ತಾನೇ ಬಂದು ಇಳಿದದ್ದು ಅಲ್ಲಿನ ರನ್‌ವೇ ಮೇಲೆ. ಅದೇ ತಾಲ್ಲೂಕಿನ ಹುಡುಗ ಈ ಗೇಣುದ್ದದ ವೈರಿಗೆ ಆನ್‌ಲೈನ್ ಪಾರ್ಸೆಲ್ ಕಾಯಬೇಕು, ಇಲ್ಲವೇ ಎಸ್.ಪಿ. ರಸ್ತೆಗೆ ಬಸ್ ಹತ್ತಬೇಕು.

ಎಸ್‌ಎಂಪಿಎಸ್ ಮುಟ್ಟುವ ಧೈರ್ಯ ಇಲ್ಲದವರಿಗೆ ಒಂದು ದಾರಿ ಇದೆ. ಮದರ್‌ಬೋರ್ಡಿನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗಿಯೇ 75 ವಾಟ್‌ವರೆಗೆ ಕೊಡಬಲ್ಲದು. ಬೇರೆ ವೈರು ಕೇಳದೆ ಈ 75ರೊಳಗೆ ಬದುಕುವ ಕಾರ್ಡುಗಳೇ ಹಳೇ ಆಫೀಸು ಡಬ್ಬದ ನೆಂಟರು. 2016ರ ಜಿಟಿಎಕ್ಸ್ 1050 ಟಿಐ ಈ ಸಾಲಿನ ಹಿರಿಯ. ಆದರೆ 2025ರ ಅಕ್ಟೋಬರ್‌ಗೆ ಎನ್‌ವಿಡಿಯಾ ಅದರ ತಲೆಮಾರಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ನಿಲ್ಲಿಸಿತು, ಇನ್ನು ಭದ್ರತೆಯ ತೇಪೆ ಮಾತ್ರ. 2019ರ ಜಿಟಿಎಕ್ಸ್ 1650 ಇನ್ನೂ ಚಾಲ್ತಿಯಲ್ಲಿದೆ. ಆದರೆ 1650 ಹೆಸರಿನಲ್ಲೇ ಪಕ್ಕಕ್ಕೆ ಆರು ಪಿನ್ ಕೇಳುವ ಮಾದರಿಗಳೂ ಬರುತ್ತವೆ, ಕೊಳ್ಳುವ ಮೊದಲು ಕಾರ್ಡಿನ ಅಂಚನ್ನು ನೋಡಬೇಕು. ಎಎಂಡಿಯ ಆರ್‌ಎಕ್ಸ್ 6400 ಬರೀ 53 ವಾಟ್ ಉಣ್ಣುತ್ತದೆ, ಸರಿ. ಆದರೆ ಅದು ಸ್ಲಾಟಿನ ನಾಲ್ಕೇ ದಾರಿಯಲ್ಲಿ (ಲೇನ್) ಮಾತಾಡುವ ಕಾರ್ಡು, ಹೊಸ ಪಿಸಿಐಇ 4.0 ಬೋರ್ಡು ನೆಚ್ಚಿ ಮಾಡಿದ್ದು. ನಮ್ಮ ಹಳೇ ಬೋರ್ಡಿನಲ್ಲಿ ಆ ನಾಲ್ಕು ದಾರಿಯ ವೇಗ ಅರ್ಧಕ್ಕಿಳಿಯುತ್ತದೆ. ನಾನಾದರೆ ಅದನ್ನು ಬಿಡುತ್ತೇನೆ. 2024ರ ಫೆಬ್ರುವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ರ ಆರು ಜಿಬಿ ಮಾದರಿ 70 ವಾಟ್‌ನಲ್ಲಿ ಈ ಗುಂಪಿನ ಬಲಶಾಲಿ. ಅದರ ಬೆಲೆ ಕೇಳಿದ ಮೇಲೆ ಮಾತ್ರ ಎರಡು ಸಲ ಯೋಚಿಸಬೇಕು. ಕಾರ್ಡು ಹೊಸದಾದರೆ ಇಡೀ ಸೆಕೆಂಡ್ ಹ್ಯಾಂಡ್ ಡಬ್ಬಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು ದುಡ್ಡು ಅದೊಂದಕ್ಕೇ ಹೋಗುತ್ತದೆ.

ಇದೆಲ್ಲ ಟವರ್ ಡಬ್ಬದ ಮಾತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹೆಚ್ಚು ಸಿಗುವುದು ಅಡ್ಡ ಮಲಗಿಸಿ ಮೇಲೆ ಮಾನಿಟರ್ ಇಡುವ ಸಣ್ಣ ಡಬ್ಬ. ಅದರೊಳಗೆ ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡು ಮಾತ್ರ ಕೂರುತ್ತದೆ. ಕೆಲವು ಮಾದರಿಗಳಲ್ಲಿ ಸ್ಲಾಟಿಗೆ ಅಂಟಿಕೊಂಡೇ ಎಸ್‌ಎಂಪಿಎಸ್ ಇರುವುದರಿಂದ ದಪ್ಪ ಫ್ಯಾನಿನ ಕಾರ್ಡೂ ಹಿಡಿಸದು. ಅಂಗೈಯಗಲದ ಟೈನಿ, ಮೈಕ್ರೊಗಳಲ್ಲಂತೂ ಉದ್ದ ಸ್ಲಾಟೇ ಇಲ್ಲ. ಮೊಳಕಾಲ್ಮುರಿನ ರೇಷ್ಮೆ ನೇಕಾರರಿಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಂಡಿ ಮಗ್ಗದ ಮೇಲೆ ಜಕಾರ್ಡ್ ಕೂರಿಸುವಾಗ ಹಾಸು, ಹೊಕ್ಕು, ಲಾಳಿ ಎಲ್ಲ ಹಳೆಯವೇ ಇರುತ್ತವೆ, ಮೇಲೆ ಒಂದು ಪೆಟ್ಟಿಗೆ ಬರುತ್ತದೆ, ಅದರಿಂದ ತೂತು ಹೊಡೆದ ಕಾರ್ಡುಗಳ ಸರ ಇಳಿಬೀಳುತ್ತದೆ, ಸೆರಗಿನಲ್ಲಿ ನವಿಲು, ಬುಟ್ಟಾ ಏಳುತ್ತವೆ. ಆದರೆ ಸೂರು ತಗ್ಗಿದ್ದರೆ ಪೆಟ್ಟಿಗೆ ಎಷ್ಟು ಒಳ್ಳೆಯದಿದ್ದರೇನು, ಕೂರುವುದೇ ಇಲ್ಲ. ಕಂಪ್ಯೂಟರಿಗೆ ಮಗ್ಗದ ಋಣವೂ ಇದೆ ಅನ್ನಿ. ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ಫ್ರಾನ್ಸಿನ ಲಿಯಾನ್‌ನಲ್ಲಿ ರೂಪಿಸಿದ ಈ ತೂತಿನ ಕಾರ್ಡುಗಳನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕ ಯಂತ್ರದ ನಕ್ಷೆಗೆ ಎರವಲು ಪಡೆದ. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹೊಲೆರಿತ್ ಎಣಿಸಿದ್ದೂ ತೂತಿನ ಕಾರ್ಡುಗಳಲ್ಲೇ. ಜಿ.ಐ. ಮಾನ್ಯತೆ ಪಡೆದ ಸೀರೆಯ ಊರಿನಲ್ಲಿ, ಜಕಾರ್ಡ್ ಮಗ್ಗ ಆಡುವ ಮನೆಯಲ್ಲೇ ಒಂದು ಆಪ್ಟಿಪ್ಲೆಕ್ಸೂ ಇದ್ದರೆ, ಅಜ್ಜ ಮೊಮ್ಮಗ ಒಂದೇ ಸೂರಿನಡಿ ಸೇರಿದಂತೆ ಎಂದುಕೊಳ್ಳಬಹುದು.

ಸರಿ, ಕಾರ್ಡು ಕೂತಿತು. ಈಗ ಪ್ರೊಸೆಸರ್ ಏದುಸಿರು ಬಿಡಲು ಶುರುಮಾಡುತ್ತದೆ. ಹಳೇ ಐ5ಗಳಲ್ಲಿ ನಾಲ್ಕು ಕೋರು, ನಾಲ್ಕೇ ಎಳೆ (ಥ್ರೆಡ್). ಹತ್ತು ವರ್ಷದ ಹಿಂದಿನ ಆಟಗಳಿಗೆ ಸಾಕು. 2023ರ ‘ಕೌಂಟರ್ ಸ್ಟ್ರೈಕ್ 2’ರಂಥವು ಗುಂಡಿನ ಕಾಳಗ ಜೋರಾದಾಗ ಇಲ್ಲಿ ತಡವರಿಸುತ್ತವೆ, ಎಂಥ ಕಾರ್ಡು ಹಾಕಿದ್ದರೂ ಅಷ್ಟೇ. ಅದೇ ಸಾಕೆಟ್ಟಿಗೆ ಕೂರುವ ಐ7-3770 ಅಥವಾ ನಾಲ್ಕನೇ ತಲೆಮಾರಿನ ಬೋರ್ಡಾದರೆ ಐ7-4770 ಅಗ್ಗಕ್ಕೆ ಸಿಕ್ಕರೆ ಹಾಕಿಸುವುದು ಒಳ್ಳೆಯ ವ್ಯಾಪಾರ, ಎಂಟು ಎಳೆಗಳಾಗುತ್ತವೆ. ಎರಡು ತಲೆಮಾರಿನ ಸಾಕೆಟ್ ಬೇರೆ, ಅದಲು ಬದಲು ನಡೆಯುವುದಿಲ್ಲ. 2025ರ ಮಾರ್ಚ್‌ನಲ್ಲಿ ಜಿಟಿಎ 5ರ ‘ಎನ್‌ಹ್ಯಾನ್ಸ್‌ಡ್’ ಆವೃತ್ತಿ ಬಂದಾಗ ಅದರ ಕನಿಷ್ಠ ಪಟ್ಟಿಯಲ್ಲಿ ಕಂಡದ್ದು ಇದೇ ಐ7-4770. ಜೊತೆಗೆ ಜೋಡಿಯಾಗಿ ಹಾಕಿದ ಎಂಟು ಜಿಬಿ ರ್‍ಯಾಮ್, ನಾಲ್ಕು ಜಿಬಿಯ ಕಾರ್ಡು, ಕಡ್ಡಾಯವಾಗಿ ಎಸ್‌ಎಸ್‌ಡಿ. ಹಳೇ ಆವೃತ್ತಿಯನ್ನೂ ಅವರು ಉಳಿಸಿಕೊಂಡಿರುವುದರಿಂದ ಮೂರನೇ ತಲೆಮಾರಿನವರ ಅನ್ನಕ್ಕೆ ಕಲ್ಲು ಬಿದ್ದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡು ತರುವವರಿಗೆ ಎರಡು ಮಾತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ನಾಣ್ಯದ ಗಣಿಗಾರಿಕೆ ಗ್ರಾಫಿಕ್ಸ್ ಕಾರ್ಡು ಬಿಟ್ಟು ಬೇರೆ ಪದ್ಧತಿಗೆ ಹೋದ ಮೇಲೆ, ಹಗಲೂ ರಾತ್ರಿ ದುಡಿದು ಬೆಂಡಾದ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೇನಲ್ಲ, ಫ್ಯಾನ್ ಮತ್ತು ಪೇಸ್ಟ್ ಬದಲಿಸಿದರೆ ಬದುಕುತ್ತವೆ. ಅದಕ್ಕಿಂತ ದೊಡ್ಡ ಅಪಾಯ ನಕಲಿ ಕಾರ್ಡಿನದು. 2010ರ ಸುಮಾರಿನ ಜಿಟಿಎಸ್ 450ಯಂಥ ಕಾರ್ಡಿನ ಬಯಾಸ್ ತಿದ್ದಿ, 1050 ಟಿಐ ಅಂತ ಹೆಸರು ಬರೆದು ಮಾರುತ್ತಾರೆ. ವಿಂಡೋಸ್ ಕೂಡ ಅದನ್ನು ನಂಬುತ್ತದೆ. ಜಿಪಿಯು-ಝಡ್ ಎನ್ನುವ ಉಚಿತ ತಂತ್ರಾಂಶ ಮಾತ್ರ ಹೆಸರಿನ ಹಿಂದೆ ‘ಫೇಕ್’ ಅಂತ ಮುಲಾಜಿಲ್ಲದೆ ತೋರಿಸುತ್ತದೆ. ಕಾರ್ಡಿನ ಬೆನ್ನಿಗೆ ಹಳೇ ನೀಲಿ ವಿಜಿಎ ಪೋರ್ಟ್ ಇದ್ದರೆ ತಂತ್ರಾಂಶವೂ ಬೇಡ, 1050 ಟಿಐ ತಲೆಮಾರಿನ ಕಾರ್ಡುಗಳಿಗೆ ಅದು ಬರುವುದಿಲ್ಲ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಒಂದು ಆಟ ಓಡಿಸಿ ತೋರಿಸಿ ಅಂದರೆ ಸಿಟ್ಟಾಗುವ ವ್ಯಾಪಾರಿಯ ಹತ್ತಿರ ಕೊಳ್ಳಬೇಡಿ.

ವಿಂಡೋಸ್ ಒಂದು ತಲೆನೋವು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಭದ್ರತೆಯ ಅಪ್‌ಡೇಟ್ ಇನ್ನೊಂದು ವರ್ಷ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ನಮ್ಮ ಡಬ್ಬದಲ್ಲಿ ಎರಡೂ ಇಲ್ಲ. ಅಡ್ಡದಾರಿಯಲ್ಲಿ 11 ಹಾಕಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಹಾಕಿಸಿದರೆ ವಿಂಡೋಸ್ ಏನೋ ಓಡುತ್ತದೆ, ‘ವ್ಯಾಲರಂಟ್’ ಆಟ ಬಾಗಿಲು ಹಾಕುತ್ತದೆ. ಮೋಸಗಾರರನ್ನು ಹಿಡಿಯಲು ಆ ಆಟದ ಜೊತೆ ಬರುವ ವ್ಯಾನ್‌ಗಾರ್ಡ್ ಎಂಬ ಕಾವಲುಗಾರ, ವಿಂಡೋಸ್ 11 ಕಂಡ ಕೂಡಲೇ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಕೇಳುತ್ತದೆ. ಆದ್ದರಿಂದ ವ್ಯಾಲರಂಟ್ ಆಡುವವನು ಈ ಹಳೇ ಯಂತ್ರದಲ್ಲಿ 10ರಲ್ಲೇ ಇರುವುದು ಸದ್ಯದ ಮಟ್ಟಿಗೆ ಜಾಣತನ. ಆದರೆ ಅದೇ ಯಂತ್ರದಲ್ಲಿ ಅಪ್ಪನ ಬ್ಯಾಂಕ್ ವ್ಯವಹಾರ ಮಾಡಬಾರದು.

ಕರೆಂಟಿನ ಮಾತು ಬಿಟ್ಟರೆ ಚಳ್ಳಕೆರೆಯ ಮಾತು ಮುಗಿಯುವುದಿಲ್ಲ. ಎಲ್ಲೆಡೆ ಮಾರುವ 600 ವಿಎ ಯುಪಿಎಸ್ ನಿಜದಲ್ಲಿ ಕೊಡುವುದು 360 ವಾಟ್ ಆಸುಪಾಸು. ಬರೀ ಐ5 ಮತ್ತು ಮಾನಿಟರ್ ಇದ್ದಾಗ ಅದು ಆರಾಮಾಗಿ ಹತ್ತು ನಿಮಿಷ ನಿಲ್ಲುತ್ತಿತ್ತು. ಕಾರ್ಡು ಸೇರಿ, ಬ್ಯಾಟರಿಗೆ ಎರಡು ವರ್ಷ ತುಂಬಿದ್ದರೆ, ಕರೆಂಟ್ ಹೋದ ಕ್ಷಣವೇ ‘ಟಕ್’ ಅಂತ ಎಲ್ಲ ಆರಿಹೋಗುತ್ತದೆ. ಎಷ್ಟೋ ಸಲ ಜನ ಹೊಸ ಕಾರ್ಡು ಕೆಟ್ಟಿದೆ ಎಂದುಕೊಳ್ಳುತ್ತಾರೆ, ಕೆಟ್ಟಿರುವುದು ಬ್ಯಾಟರಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಡಬ್ಬದ ಲೋಹ ಮುಟ್ಟಿದರೆ ಜುಮ್ಮೆನ್ನುತ್ತದೆ, ಕಾರ್ಡಿಗೆ ಖರ್ಚು ಮಾಡುವ ಮೊದಲು ಅದನ್ನು ಸರಿ ಮಾಡಿಸಬೇಕು. ಇನ್ನೊಂದು, ಕಾರ್ಡು ಹಾಕಿದ ಮೇಲೂ ಮಾನಿಟರಿನ ಕೇಬಲ್ಲನ್ನು ಹಳೇ ಜಾಗಕ್ಕೇ, ಅಂದರೆ ಮದರ್‌ಬೋರ್ಡಿನ ಪೋರ್ಟಿಗೇ ಚುಚ್ಚಿ ‘ಏನೂ ವ್ಯತ್ಯಾಸ ಇಲ್ಲಣ್ಣ’ ಅನ್ನುವವರು ನೀವೆಣಿಸುವುದಕ್ಕಿಂತ ಹೆಚ್ಚು.

ಎಲ್ಲಿ ನಿಲ್ಲಿಸಬೇಕು? ನನ್ನ ಲೆಕ್ಕ ಇದು. ಟವರ್ ಡಬ್ಬ ಮನೆಯಲ್ಲಿ ಮೊದಲೇ ಇದ್ದರೆ ಶುಚಿ, ಎಸ್‌ಎಸ್‌ಡಿ, ಜೋಡಿ ರ್‍ಯಾಮ್, 75 ವಾಟಿನೊಳಗಿನ ಒಂದು ಕಾರ್ಡು, ಇಷ್ಟಕ್ಕೆ ಕೈ ತೊಳೆದುಕೊಳ್ಳಬೇಕು. ಎಸ್‌ಎಂಪಿಎಸ್, ಅಡಾಪ್ಟರ್, ಐ7, ದೊಡ್ಡ ಕಾರ್ಡು ಅಂತ ಮುಂದುವರಿದರೆ ದುಡ್ಡು ಸುರಿಯುವುದು ಹೊಸ ಆಟಗಳು ಕೈಬಿಡುತ್ತಿರುವ ಬೋರ್ಡಿನ ಮೇಲೆ. ಅದಕ್ಕಿಂತ, ಕಂಪನಿಗಳು ಈಗ ಹೊರಹಾಕುತ್ತಿರುವ ಎಂಟನೇ ತಲೆಮಾರಿನ ಟವರುಗಳ ಕಡೆ ನೋಡುವುದು ಮೇಲು, ಅಲ್ಲಿ ಐ5ಗೂ ಆರು ಕೋರು, ವಿಂಡೋಸ್ 11ಕ್ಕೂ ಅಡ್ಡಿಯಿಲ್ಲ. ಕಾರ್ಡು, ಎಸ್‌ಎಸ್‌ಡಿ, ಮಾನಿಟರ್ ಹೊಸದಕ್ಕೆ ಹೋಗುತ್ತವೆ, ಡಿಡಿಆರ್3 ಹೋಗುವುದಿಲ್ಲ. ಹಳೇ ಡಿಸ್ಕನ್ನು ಮತ್ತೆ ಒಳಗೆ ಕೂರಿಸಿ ಲಿನಕ್ಸ್ ಹಾಕಿಕೊಟ್ಟರೆ ಹಳೇ ಡಬ್ಬ ತಂಗಿಯ ಆನ್‌ಲೈನ್ ಅರ್ಜಿಗಳಿಗೆ, ಅಪ್ಪನ ಪಹಣಿ ಪ್ರಿಂಟಿಗೆ ಇನ್ನೂ ಕೆಲವು ವರ್ಷ ಬರುತ್ತದೆ. ಪ್ರಿಂಟರ್ ಡ್ರೈವರ್ ಸಿಗುತ್ತದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.